ಟಿಪ್‌ನ ಕಾವು, ಪ್ಯಾಡ್‌ನ ಜೀವ: ಗೇಮ್ ಕನ್ಸೋಲ್ ಬಿಚ್ಚುವವರ ಮೊದಲ ಸೋಲ್ಡರಿಂಗ್ ಐರನ್

ನಿಂಟೆಂಡೊ ಕಂಪನಿಯ ಗೇಮ್‌ಬಾಯ್ ಅಡ್ವಾನ್ಸ್ 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆಟಗಳ ಬಗ್ಗೆ ದೂರಿರಲಿಲ್ಲ, ಇದ್ದ ದೂರೆಲ್ಲ ಪರದೆಯ ಮೇಲೆ. ಅದಕ್ಕೆ ಒಳಬೆಳಕೇ ಇರಲಿಲ್ಲ. ಕಿಟಕಿ ಪಕ್ಕದಲ್ಲೋ ಟೇಬಲ್ ಲ್ಯಾಂಪಿನ ಕೆಳಗೋ ಕೂತು, ಯಂತ್ರವನ್ನು ಅತ್ತಿತ್ತ ವಾಲಿಸಿ, ಬೆಳಕು ಸರಿಯಾಗಿ ಬೀಳುವ ಕೋನ ಹುಡುಕಿಕೊಂಡು ಆಡಬೇಕಿತ್ತು. ಮರುವರ್ಷ ಅಮೆರಿಕದ ಟ್ರೈಟನ್ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ ‘ಆಫ್ಟರ್‌ಬರ್ನರ್’ ಎಂಬ ಕಿಟ್ ತಂದಿತು. ಪರದೆಯ ಮುಂದೆ ಕೂರಿಸುವ ತೆಳ್ಳನೆಯ ಬೆಳಕಿನ ಫಲಕ, ಜೊತೆಗೆ ಅದಕ್ಕೆ ವಿದ್ಯುತ್ ಕೊಡುವ ತಂತಿಗಳು. ಫಲಕವನ್ನು ಧೂಳು ಸಿಕ್ಕಿಕೊಳ್ಳದಂತೆ ಕೂರಿಸಲು ತಾಳ್ಮೆ ಸಾಕು. ತಂತಿಗಳನ್ನು ಮಾತ್ರ ಬೋರ್ಡಿಗೆ ಬೆಸೆಯಲೇಬೇಕು. ಅಲ್ಲಿಯವರೆಗೆ ಗುಂಡಿ ಒತ್ತುವುದಷ್ಟೇ ಗೊತ್ತಿದ್ದವರು ಸೋಲ್ಡರಿಂಗ್ ಐರನ್ ಕೊಳ್ಳಲು ಹೊರಟದ್ದು ಇಂಥ ಕಿಟ್‌ಗಳ ದೆಸೆಯಿಂದ. 2003ರಲ್ಲಿ ನಿಂಟೆಂಡೊ ತಾನೇ ಮುಂಬೆಳಕು ಇರುವ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ ಹೊರತಂದಿತು. ಆದರೆ ಬಿಚ್ಚುವ ಚಟ ಅಂಟಿಸಿಕೊಂಡವರು ಬಿಡಲಿಲ್ಲ.

ಈಗ ಅದೇ ಹಳೆಯ ಯಂತ್ರಕ್ಕೆ ಮೊಬೈಲಿನಂತೆ ಹೊಳೆಯುವ ಐಪಿಎಸ್ ಪರದೆಯ ಕಿಟ್‌ಗಳು ಸಿಗುತ್ತವೆ. ವೈ ಆಕಾರದ ತಲೆಯ ಸ್ಕ್ರೂಗಳನ್ನು ಬಿಚ್ಚಿ, ರಿಬ್ಬನ್ ಕೇಬಲ್ ಬದಲಿಸಿದರೆ ಪರದೆ ಬೆಳಗುತ್ತದೆ. ಆದರೆ ಬೆಳಕನ್ನು ಗುಂಡಿಗಳಿಂದಲೇ ಏರಿಸಿ ಇಳಿಸಬೇಕೆಂಬ ಆಸೆಯಿದ್ದರೆ ಮೂರು ತಂತಿ ಬೆಸೆಯಬೇಕು. ಒಂದು ಸೆಲೆಕ್ಟ್ ಗುಂಡಿಗೆ, ಉಳಿದೆರಡು ಹೆಗಲ ಮೇಲಿನ ಎಲ್ ಮತ್ತು ಆರ್ ಗುಂಡಿಗಳಿಗೆ. ಬೋರ್ಡಿನ ಮೇಲೆ ಇವುಗಳಿಗೆ ಟಿಪಿ2, ಟಿಪಿ9, ಟಿಪಿ8 ಎಂಬ ಹೆಸರಿನ ಚುಕ್ಕೆಗಳಿವೆ. ಹೊಳೆಯುವ, ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲದ ಲೋಹದ ಚುಕ್ಕೆಗಳು. ಕೂದಲೆಳೆಯಂಥ ತಂತಿ, ಚಿಟಿಕೆಯಷ್ಟು ಬೆಸುಗೆ, ಒಂದೆರಡು ಸೆಕೆಂಡಿನ ಕಾವು. ಈ ಕೆಲಸವನ್ನು ಯಾವ ಐರನ್ ಆದರೂ ಮಾಡುತ್ತದೆ, ಕೈ ನಡುಗದಿದ್ದರೆ ಆಯಿತು.

ಈಗ ಇನ್ನೊಂದು ಕೆಲಸ ನೋಡಿ. ಪ್ಲೇಸ್ಟೇಷನ್ ಕಂಟ್ರೋಲರಿನ ಕಡ್ಡಿ ಮುಟ್ಟದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ಎಡಕ್ಕೆ ನಡೆಯತೊಡಗುತ್ತದೆ. ಇದನ್ನು ‘ಡ್ರಿಫ್ಟ್’ ಎನ್ನುತ್ತಾರೆ. ಕಡ್ಡಿ ಎಷ್ಟು ವಾಲಿತೆಂದು ಅಳೆಯಲು ಅದರ ಅಡಿಯಲ್ಲಿರುವ ಪೊಟೆನ್ಷಿಯೋಮೀಟರಿನ ಒಳಹಾದಿ ಸವೆದು ಹೀಗಾಗುತ್ತದೆ. ಪರಿಹಾರವೆಂದರೆ ಇಡೀ ಕಡ್ಡಿಯ ಜೋಡಣೆಯನ್ನೇ ಕಿತ್ತು, ಕಾಂತದ ನೆರವಿನಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಮಾದರಿಯದನ್ನು ಕೂರಿಸುವುದು. ಕೇಳಲು ಸುಲಭ. ಆದರೆ ಆ ಜೋಡಣೆಗೆ 14 ಕಾಲುಗಳು: ಎರಡು ಪೊಟೆನ್ಷಿಯೋಮೀಟರುಗಳಿಗೆ ತಲಾ ಮೂರು, ಒತ್ತುವ ಗುಂಡಿಗೆ ನಾಲ್ಕು, ಬೋರ್ಡಿಗೆ ಭದ್ರವಾಗಿ ಕಚ್ಚಿಕೊಳ್ಳಲು ಲೋಹದ ಚೌಕಟ್ಟಿನವು ನಾಲ್ಕು. ಹದಿನಾಲ್ಕೂ ಬಿಡಿಸಿಕೊಂಡರಷ್ಟೇ ಅದು ಮೇಲೇಳುತ್ತದೆ. ಪೊಟೆನ್ಷಿಯೋಮೀಟರಿನ ಸಿಗ್ನಲ್ ಕಾಲಿಗೆ ಐರನ್ ಇಟ್ಟರೆ ಬೆಸುಗೆ ಥಟ್ಟನೆ ಕರಗುತ್ತದೆ. ಚೌಕಟ್ಟಿನ ಕಾಲಿಗೆ ಅದೇ ಐರನ್ನನ್ನು ಅದೇ ಉಷ್ಣತೆಯಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಹತ್ತು ಸೆಕೆಂಡ್ ಕಾದರೂ ಬೆಸುಗೆ ಬೂದು ಬಣ್ಣದಲ್ಲೇ ಗಟ್ಟಿಯಾಗಿ ಕೂತಿರುತ್ತದೆ.

ಮೊದಲ ಐರನ್ ಕೊಳ್ಳುವವರು ಅರ್ಥ ಮಾಡಿಕೊಳ್ಳಬೇಕಾದದ್ದೆಲ್ಲ ಈ ಎರಡು ಕಾಲುಗಳ ವ್ಯತ್ಯಾಸದಲ್ಲಿದೆ.

ಚೌಕಟ್ಟಿನ ಕಾಲುಗಳು ಸಾಮಾನ್ಯವಾಗಿ ಬೋರ್ಡಿನ ‘ಗ್ರೌಂಡ್’ಗೆ, ಎಂದರೆ ಬೋರ್ಡಿನೊಳಗೆ ಹರಡಿಕೊಂಡ ಅಗಲವಾದ ತಾಮ್ರದ ಹಾಳೆಗೆ ಕೂಡಿಕೊಂಡಿರುತ್ತವೆ. ತಾಮ್ರ ಕಾವನ್ನು ಹೀರಿ ಸುತ್ತಲೂ ಹಂಚಿಬಿಡುತ್ತದೆ. ಐರನ್ನಿನ ತುದಿ ಕೊಟ್ಟದ್ದನ್ನೆಲ್ಲ ಹಾಳೆ ಎಳೆದುಕೊಳ್ಳುತ್ತದೆ, ತುದಿಯೇ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ತುದಿಯನ್ನು ಐರನ್ ಎಷ್ಟು ಬೇಗ ಮತ್ತೆ ಕಾಯಿಸಬಲ್ಲದು ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘450 ಡಿಗ್ರಿ’ ಇದರ ಬಗ್ಗೆ ಏನೂ ಹೇಳುವುದಿಲ್ಲ. ಅದು ಗಾಳಿಯಲ್ಲಿ ಸುಮ್ಮನೆ ಹಿಡಿದಾಗ ತುದಿ ಮುಟ್ಟಬಹುದಾದ ಗರಿಷ್ಠ ಅಂಕಿ ಮಾತ್ರ.

ಇದು ಗೊತ್ತಿಲ್ಲದವರು ಮಾಡುವುದು ಒಂದೇ: ಉಷ್ಣತೆ ಏರಿಸುವುದು, ಇನ್ನೂ ಕರಗದಿದ್ದರೆ ಒತ್ತಿ ಹಿಡಿಯುವುದು. ಬೋರ್ಡಿನ ಮೇಲಿನ ತಾಮ್ರದ ಪ್ಯಾಡ್ ಅಡಿಯ ಫೈಬರ್‌ಗ್ಲಾಸ್ ಹಾಳೆಗೆ ಅಂಟಿನ ಬಲದಲ್ಲಿ ಕೂತಿರುತ್ತದೆ. ಹೆಚ್ಚು ಹೊತ್ತು ಕಾದರೆ ಅಂಟು ಬಿಡುತ್ತದೆ, ಪ್ಯಾಡ್ ಸಿಪ್ಪೆಯಂತೆ ಎದ್ದು ಐರನ್ನಿನ ಜೊತೆಗೇ ಬರುತ್ತದೆ. ಕನ್ಸೋಲ್ ಕೆಡಿಸಿಕೊಂಡವರ ಕಥೆಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. ಅಂದಹಾಗೆ ಇಲ್ಲೊಂದು ಮೋಜಿನ ಸಂಗತಿಯಿದೆ. ಪ್ಯಾಡ್ ಎಬ್ಬಿಸುವ ಅಪಾಯ ಶಕ್ತಿಶಾಲಿ ಐರನ್ನಿಗಿಂತ ದುರ್ಬಲ ಐರನ್ನಿನಿಂದಲೇ ಹೆಚ್ಚು. ಬಲವಿರುವುದು ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಎದ್ದುಬಿಡುತ್ತದೆ. ಬಲವಿಲ್ಲದ್ದು ಇಪ್ಪತ್ತು ಸೆಕೆಂಡ್ ಅಲ್ಲೇ ಕೂತು ಸುತ್ತಮುತ್ತಲನ್ನೆಲ್ಲ ಬೇಯಿಸುತ್ತದೆ. ‘ಹೊಸಬ ತಾನೆ, ಕಡಿಮೆ ವ್ಯಾಟಿನದು ಸಾಕು’ ಎಂಬ ಸಲಹೆ ಈ ಕಾರಣಕ್ಕೆ ತಪ್ಪು.

ಬೆಸುಗೆಯ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಳೆಯ ಕನ್ಸೋಲುಗಳಲ್ಲಿ ತವರ, ಸೀಸ ಬೆರೆತ ಬೆಸುಗೆ ಇದೆ. ಶೇ 63 ತವರ, ಶೇ 37 ಸೀಸದ ಮಿಶ್ರಣ ಸರಿಯಾಗಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಯುರೋಪಿಯನ್ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಗಳು ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ ಬದಲಾದವು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಆ ಬದಲಾವಣೆಯ ಹೊತ್ತಿನಲ್ಲೇ, 2005ರ ನವೆಂಬರಿನಲ್ಲಿ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂತು. ಅದರ ಮುಂಭಾಗದಲ್ಲಿ ಕೆಂಪು ಬೆಳಕಿನ ಉಂಗುರ ಹೊತ್ತಿಕೊಂಡು ಯಂತ್ರ ಸಾಯುವುದು ಎಷ್ಟು ಸಾಮಾನ್ಯವಾಯಿತೆಂದರೆ, 2007ರ ಜುಲೈನಲ್ಲಿ ಕಂಪನಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ನೂರು ಕೋಟಿ ಡಾಲರಿಗೂ ಮಿಕ್ಕಿದ ಹೊರೆ ಹೊತ್ತುಕೊಂಡಿತು. ಸೀಸವಿಲ್ಲದ ಬೆಸುಗೆಯೇ ಖಳನಾಯಕ ಎಂದು ಬಹಳ ಕಾಲ ಜನ ನಂಬಿದ್ದರು. ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ತಾನೇ ಬಿಸಿಯಾಗಲು ಬಿಟ್ಟು ‘ಬೆಸುಗೆ ಕರಗಿಸಿ’ ರಿಪೇರಿ ಮಾಡಿದವರೂ ಇದ್ದರು. 2021ರಲ್ಲಿ ಮೈಕ್ರೋಸಾಫ್ಟ್‌ನದೇ ಸಾಕ್ಷ್ಯಚಿತ್ರ ಸರಣಿ ಹೇಳಿದ್ದು ಬೇರೆ: ಬಿಸಿ ತಂಪುಗಳ ಏರಿಳಿತಕ್ಕೆ ಬಿರುಕು ಬಿಟ್ಟದ್ದು ಬಿಡಿಭಾಗಗಳ ಒಳಗಿನ ಸಂಪರ್ಕಗಳು. ಟವೆಲ್ ಚಿಕಿತ್ಸೆ ಕೆಲವು ದಿನಕ್ಕಿಂತ ಹೆಚ್ಚು ಬಾಳದೆ ಹೋಗುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಮನೆಯಲ್ಲಿ ಕೆಲಸ ಮಾಡುವವರಿಗೆ ಇದರಿಂದ ಸಿಗುವ ಉಪಯೋಗ ಒಂದಿದೆ. ಹೊಸ ಕಾಲದ ಬೋರ್ಡಿನ ಹಠಮಾರಿ ಕಾಲಿಗೆ ಮೊದಲು ಸ್ವಲ್ಪ ಸೀಸದ ಬೆಸುಗೆಯನ್ನು ಬೆರೆಸಿದರೆ ಮಿಶ್ರಣ ಕರಗುವ ಬಿಂದು ಇಳಿಯುತ್ತದೆ. ತೆಗೆಯಬೇಕಾದದ್ದಕ್ಕೇ ಇನ್ನಷ್ಟು ಸೇರಿಸುವುದು ವಿಚಿತ್ರವಾಗಿ ಕಾಣಬಹುದು. ಆದರೆ ಕಂಟ್ರೋಲರಿನ ಆ ಹದಿನಾಲ್ಕು ಕಾಲುಗಳನ್ನು ಬಿಡಿಸುವವರು ಮೊದಲು ಮಾಡುವ ಕೆಲಸ ಇದೇ.

ಇನ್ನು ಅಂಗಡಿಯ ಕಪಾಟಿಗೆ ಬರೋಣ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಎಂದರೆ ಸಾದರ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ‘ಸೋಲ್ಡರಿಂಗ್ ಐರನ್ ಕೊಡಿ’ ಎಂದರೆ ಗಲ್ಲಾ ಮುಂದೆ ಮೊದಲು ಬಂದು ಬೀಳುವುದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ 25 ವ್ಯಾಟಿನ ಕಡ್ಡಿ. ಸೋಲ್ಡ್ರಾನ್‌ನಂಥ ದೇಶೀ ಬ್ರ್ಯಾಂಡಿನ ಈ ಐರನ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪಾಲಿಟೆಕ್ನಿಕ್ಕಿನ ಲ್ಯಾಬುಗಳಲ್ಲಿ ಬಳಸಿದವರಿಗೆ ಚಿರಪರಿಚಿತ. ಗಟ್ಟಿಮುಟ್ಟು ನಿಜ. ಆದರೆ ಇದಕ್ಕೆ ಉಷ್ಣತೆಯ ನಿಯಂತ್ರಣವೇ ಇಲ್ಲ. ಸುಮ್ಮನೆ ಇಟ್ಟಷ್ಟು ಹೊತ್ತೂ ಕಾಯುತ್ತಾ ತುದಿ ಕಪ್ಪಾಗುತ್ತದೆ, ಗ್ರೌಂಡಿನ ಕಾಲಿಗೆ ಮುಟ್ಟಿಸಿದೊಡನೆ ಸೋತು ತಣ್ಣಗಾಗುತ್ತದೆ. ಬಿಡಿ ತಂತಿ ಜೋಡಿಸಲು, ಸ್ಪೀಕರ್ ಬದಲಿಸಲು ಧಾರಾಳವಾಗಿ ಸಾಕು. ಕನ್ಸೋಲಿಗೆ ಸಾಲದು.

ಅದರ ಪಕ್ಕದಲ್ಲೇ ಹಿಡಿಕೆಯಲ್ಲಿ ತಿರುಗಣೆ ಇರುವ ‘60 ವ್ಯಾಟ್ ಅಡ್ಜಸ್ಟಬಲ್’ ಐರನ್ ಇರುತ್ತದೆ. ಆನ್‌ಲೈನಿನಲ್ಲಿ ಹತ್ತು ಹದಿನೈದು ಸಾಮಾನಿನ ಕಿಟ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ಇಲ್ಲಿ ಎಚ್ಚರ ಬೇಕು. ಇವುಗಳಲ್ಲಿ ಹಲವಕ್ಕೆ ತುದಿಯ ಉಷ್ಣತೆ ಅಳೆಯುವ ಸಂವೇದಕವೇ ಇರುವುದಿಲ್ಲ. ಫ್ಯಾನಿನ ರೆಗ್ಯುಲೇಟರಿನ ಹಾಗೆ ಒಳಗೆ ಹೋಗುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತವೆ, ಅಷ್ಟೆ. ತಿರುಗಣೆಯ ಸುತ್ತ ಬರೆದ ಡಿಗ್ರಿಗಳು ಅಂದಾಜು. ಇನ್ನು ಕೆಲವು ನಿಜಕ್ಕೂ ಅಳೆದು ನಿಯಂತ್ರಿಸುತ್ತವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಭೇದ ತಿಳಿಯದು.

ನಿಜವಾದ ನಿಯಂತ್ರಣ ಹೊಸ ಕಾಲದ ಡಿಜಿಟಲ್ ಚಮತ್ಕಾರವೇನಲ್ಲ. ಅಮೆರಿಕದ ವೆಲ್ಲರ್ ಕಂಪನಿ ದಶಕಗಳ ಹಿಂದೆಯೇ ಒಂದು ಅಂಕಿಪರದೆಯೂ ಇಲ್ಲದೆ ಇದನ್ನು ಸಾಧಿಸಿತ್ತು. ಪ್ರತಿ ಟಿಪ್‌ನ ಹಿಂಭಾಗದಲ್ಲಿ ಒಂದು ಬಗೆಯ ಕಾಂತೀಯ ಲೋಹದ ತುಣುಕು. ಗೊತ್ತಾದ ಉಷ್ಣತೆ ದಾಟಿದರೆ ಆ ಲೋಹ ಕಾಂತಗುಣವನ್ನೇ ಕಳೆದುಕೊಳ್ಳುತ್ತದೆ. ಅದನ್ನು ಎಳೆದು ಹಿಡಿದಿದ್ದ ಅಯಸ್ಕಾಂತ ಸಡಿಲವಾಗಿ ಸ್ವಿಚ್ ಆರುತ್ತದೆ. ತಣ್ಣಗಾದರೆ ಮತ್ತೆ ಅಂಟಿಕೊಂಡು ಹೊತ್ತುತ್ತದೆ. ಉಷ್ಣತೆ ಬದಲಿಸಬೇಕೆ? ಟಿಪ್ ಬದಲಿಸಿ. ‘7’ ಎಂದು ಗುರುತಿರುವ ಟಿಪ್ ಎಂದರೆ 700 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 370 ಸೆಲ್ಸಿಯಸ್. ಭೌತಶಾಸ್ತ್ರದಲ್ಲಿ ಕ್ಯೂರಿ ಬಿಂದು ಎಂದು ಓದಿ ಮರೆತದ್ದು ಇಷ್ಟು ಸೊಗಸಾಗಿ ದುಡಿದದ್ದು ಬೇರೆಲ್ಲೂ ಸುಲಭಕ್ಕೆ ಕಾಣಸಿಗದು.

ಹವ್ಯಾಸಿಗಳ ಮೇಜಿನ ಮೇಲೆ ಮಾತ್ರ ಜಪಾನಿನ ಹಕ್ಕೊ ಕಂಪನಿಯ ‘936’ ಎಂಬ ಸ್ಟೇಷನ್ನೇ ಬಹುಕಾಲ ಆಳಿತು. ಒಂದು ಪೆಟ್ಟಿಗೆ, ಅದಕ್ಕೆ ಮೆತ್ತನೆಯ ವೈರಿನಿಂದ ಜೋಡಿಸಿದ ಹಗುರ ಹಿಡಿಕೆ, ಪಕ್ಕದಲ್ಲಿ ಐರನ್ ಇಡುವ ಗೂಡು. ಅದರ ಉತ್ಪಾದನೆ ನಿಂತು ‘ಎಫ್‌ಎಕ್ಸ್-888’ ಬಂದರೂ 936ರ ತದ್ರೂಪುಗಳು ಚೀನಾದಿಂದ ಇಂದಿಗೂ ಬರುತ್ತಿವೆ, ಅದರ ‘900ಎಂ’ ಟಿಪ್‌ಗಳು ಎಲ್ಲೆಡೆ ಸಿಗುತ್ತವೆ. ಇಂಥ ಸ್ಟೇಷನ್ನುಗಳಲ್ಲಿ ಕಾಯುವ ಸೆರಾಮಿಕ್ ಕಡ್ಡಿ ಬೇರೆ, ಅದರ ಮೇಲೆ ಟೊಪ್ಪಿಗೆಯಂತೆ ತೊಡಿಸುವ ಟಿಪ್ ಬೇರೆ. ನಡುವೆ ಉಳಿಯುವ ಸಣ್ಣ ಗಾಳಿಯ ಸಂದು ಕಾವಿನ ದಾರಿಗೆ ಅಡ್ಡಿ. ಹಕ್ಕೊದ ‘ಟಿ12’ ಮತ್ತು ಸ್ಪೇನಿನ ಬಾರ್ಸಿಲೋನಾದ ಜೆಬಿಸಿ ಕಂಪನಿಯ ಕಾರ್ಟ್ರಿಜ್‌ಗಳು ಆ ಸಂದನ್ನೇ ತೆಗೆದುಹಾಕಿದವು. ಕಾಯುವ ಸುರುಳಿ, ಅಳೆಯುವ ಸಂವೇದಕ, ಟಿಪ್ ಮೂರನ್ನೂ ಒಂದೇ ಕಡ್ಡಿಯಾಗಿ ಎರಕ ಹೊಯ್ದಂತೆ ಕೂಡಿಸಿದವು. ಟಿಪ್ ತಣ್ಣಗಾದ ಕ್ಷಣವೇ ಸಂವೇದಕಕ್ಕೆ ಗೊತ್ತಾಗುತ್ತದೆ, ಮರುಕ್ಷಣ ಕಾವು ಬರುತ್ತದೆ. ಗ್ರೌಂಡಿನ ಕಾಲಿನ ಮೇಲೆ ಇಂಥದನ್ನು ಒಮ್ಮೆ ಇಟ್ಟು ನೋಡಿದವರಿಗೆ ಹಳೆಯದಕ್ಕೆ ಮರಳುವುದು ಕಷ್ಟ.

ಈಚಿನ ವರ್ಷಗಳಲ್ಲಿ ಹೊಸಬರ ಕೈಗೆ ಸಿಕ್ಕಿದ ವರ ಎಂದರೆ ದಪ್ಪ ಪೆನ್ನಿನಷ್ಟೇ ಇರುವ ಐರನ್‌ಗಳು. ಮಿನಿವೇರ್ ಕಂಪನಿಯ ‘ಟಿಎಸ್100’ ದಾರಿ ತೋರಿಸಿತು. 2020ರಲ್ಲಿ ಪೈನ್64 ಎಂಬ ಸಂಸ್ಥೆಯ ‘ಪೈನ್‌ಸಿಲ್’ ಅದನ್ನೇ ಸುಮಾರು 25 ಡಾಲರಿಗೆ ಇಳಿಸಿತು. ಲ್ಯಾಪ್‌ಟಾಪ್ ಚಾರ್ಜರಿನ ಯುಎಸ್‌ಬಿ-ಸಿ ತಂತಿಯಿಂದ ನಡೆಯುತ್ತದೆ, ಸುರುಳಿ ಮತ್ತು ಟಿಪ್ ಒಂದೇ ಕಡ್ಡಿಯಲ್ಲಿವೆ, ಕೆಳಗಿಟ್ಟರೆ ತಾನೇ ನಿದ್ದೆ ಹೋಗಿ ತಣ್ಣಗಾಗುತ್ತದೆ, ಒಳಗಿನ ‘ಐರನ್‌ಓಎಸ್’ ತಂತ್ರಾಂಶ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ.

ಇಲ್ಲಿ ಮೋಸ ಹೋಗುವುದು ಐರನ್ನಿನಲ್ಲಲ್ಲ, ಚಾರ್ಜರಿನಲ್ಲಿ. ಇಂಥ ಟಿಪ್‌ನ ಸುರುಳಿಯ ರೋಧ ಸುಮಾರು 8 ಓಮ್ ಎಂದಿಟ್ಟುಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ ಎಂಬ ಶಾಲೆಯ ಲೆಕ್ಕ ಹಾಕಿದರೆ 12 ವೋಲ್ಟಿಗೆ 18 ವ್ಯಾಟ್, 20 ವೋಲ್ಟಿಗೆ 50 ವ್ಯಾಟ್. ಅಂದರೆ ಮೊಬೈಲಿನ ಜೊತೆ ಬಂದ, 12 ವೋಲ್ಟ್ ದಾಟದ ಚಾರ್ಜರಿಗೆ ಸಿಕ್ಕಿಸಿದರೆ ಈ ಐರನ್ ಎಸ್‌ಪಿ ರೋಡಿನ 25 ವ್ಯಾಟಿನ ಕಡ್ಡಿಗಿಂತಲೂ ಬಡವ. 20 ವೋಲ್ಟ್ ಕೊಡುವ 65 ವ್ಯಾಟಿನ ಪಿಡಿ (ಪವರ್ ಡೆಲಿವರಿ) ಚಾರ್ಜರಿಗೆ ಸಿಕ್ಕಿಸಿದರೆ ಬೇರೆಯದೇ ಯಂತ್ರ. ಚಾರ್ಜರಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ‘20ವಿ’ ಇದೆಯೇ ಎಂದು ಓದದೆ ಇಂಥದನ್ನು ಕೊಳ್ಳಬಾರದು.

ಹಾಗಾದರೆ ಯಾವುದು? ಹೊಸ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಮನೆಯಲ್ಲಿದ್ದವರಿಗೆ ಯುಎಸ್‌ಬಿ-ಸಿ ಪೆನ್ ಐರನ್ ಕಣ್ಣುಮುಚ್ಚಿ ಹೇಳಬಹುದಾದ ಆಯ್ಕೆ. ಇಲ್ಲದವರಿಗೆ ಮೂರು ಪಿನ್ನಿನ, ಅರ್ಥಿಂಗ್ ಇರುವ, 60 ವ್ಯಾಟಿಗೆ ಮೇಲ್ಪಟ್ಟ ಸ್ಟೇಷನ್. ಟಿ12 ಮಾದರಿಯದಾದರೆ ಇನ್ನೂ ಒಳ್ಳೆಯದು. ಅಂಕಿ ಮಿನುಗಿಸುವ ಪರದೆಗೆಂದು ಹೆಚ್ಚು ಹಣ ತೆರುವ ಬದಲು ಅದೇ ದುಡ್ಡಿಗೆ ಎರಡು ಹೆಚ್ಚುವರಿ ಟಿಪ್ ತರುವುದು ಜಾಣತನ. ಬದಲಿ ಟಿಪ್ ತಮ್ಮ ಊರಿನಲ್ಲೋ ಒಂದು ವಾರದೊಳಗೆ ಅಂಚೆಯಲ್ಲೋ ಸಿಗದ ಐರನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಮೂರನೆಯ ಪಿನ್ನಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅರ್ಥಿಂಗ್ ಇಲ್ಲದ ಐರನ್ನಿನ ತುದಿಗೆ ಸೋರಿಕೆಯ ವಿದ್ಯುತ್ ಬರಬಹುದು, ಆ ತುದಿ ಮುಟ್ಟುವುದು ಕನ್ಸೋಲಿನ ಸೂಕ್ಷ್ಮ ಚಿಪ್‌ಗಳನ್ನು. ಪೆನ್ ಐರನ್‌ಗಳಲ್ಲೂ ಟಿಎಸ್100ನಂಥವಕ್ಕೆ ಅರ್ಥ್ ವೈರ್ ಕಟ್ಟಲು ಪುಟ್ಟ ಸ್ಕ್ರೂ ಇಟ್ಟಿರುತ್ತಾರೆ.

ಐರನ್ ಆಯಿತು, ಇನ್ನು ಟಿಪ್. ಕನ್ಸೋಲಿನ ಕೆಲಸ ನಾಜೂಕಿನದು, ಆದ್ದರಿಂದ ಸೂಜಿಯಂಥ ಮೊನೆ ಬೇಕು ಎಂದು ಎಲ್ಲರಿಗೂ ಮೊದಲು ಅನಿಸುತ್ತದೆ. ಆಗುವುದು ತದ್ವಿರುದ್ಧ. ಸೂಜಿಮೊನೆ ಲೋಹವನ್ನು ಮುಟ್ಟುವುದು ಒಂದು ಬಿಂದುವಿನಲ್ಲಿ, ಆ ಬಿಂದುವಿನಿಂದ ಹರಿಯುವ ಕಾವು ಅತ್ಯಲ್ಪ. ಸುಮಾರು 2 ಮಿಲಿಮೀಟರ್ ಅಗಲದ ಉಳಿಯಾಕಾರದ ಟಿಪ್ ಅಂಚಿನಿಂದ ಸಣ್ಣ ಪ್ಯಾಡನ್ನೂ ಮುಟ್ಟುತ್ತದೆ, ಮುಖದಿಂದ ಗ್ರೌಂಡಿನ ಕಾಲನ್ನೂ ಆವರಿಸುತ್ತದೆ. ಗೇಮ್‌ಬಾಯ್ ಅಡ್ವಾನ್ಸಿನ ಟಿಪಿ8ಕ್ಕೂ ಕಂಟ್ರೋಲರಿನ ಚೌಕಟ್ಟಿಗೂ ಅದೊಂದೇ ಸಾಕು. ಎರಡನೆಯದು ಬೇಕೆನಿಸಿದರೆ ಚಾಕುವಿನಾಕಾರದ್ದು. ಸಾಲಾಗಿ ನಿಂತ ಕಾಲುಗಳ ಮೇಲೆ ಒಂದೇ ಎಳೆತಕ್ಕೆ ಬೆಸುಗೆ ಹಾಯಿಸಲು ಬರುತ್ತದೆ. ಅಂಗಡಿಯಲ್ಲಿ ಟಿಪ್ಪನ್ನು ‘ಬಿಟ್’ ಎಂದು ಕೇಳಿದರೂ ಕೊಡುತ್ತಾರೆ.

ಟಿಪ್‌ನ ಆಯುಷ್ಯ ನಿಂತಿರುವುದು ಕಲಾಯಿಯ ಮೇಲೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಹೊಗೆಯೇಳುತ್ತಿದ್ದಂತೆ ತವರ ಮುಟ್ಟಿಸಿ ಬಟ್ಟೆಯಿಂದ ಒರೆಸಿದಾಗ ಪಾತ್ರೆಯ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತಲ್ಲ, ಟಿಪ್‌ನ ಮೇಲೆ ನಡೆಯಬೇಕಾದದ್ದೂ ಅದೇ ಕೆಲಸ. ನವಸಾಗರ ಲೋಹದ ಮೇಲಿನ ಕಿಲುಬನ್ನು ಕಳೆಯುತ್ತದೆ, ಬರಿ ಮೈಗೆ ತವರ ಹತ್ತುತ್ತದೆ. ಹಳೆಯ ಕಾಲದ ಬೆಸುಗೆಗಾರರು ಐರನ್ ತಿಕ್ಕಲು ನವಸಾಗರದ ಗಟ್ಟಿಯನ್ನೇ ಇಟ್ಟುಕೊಳ್ಳುತ್ತಿದ್ದರು. ಇಂದಿನ ಟಿಪ್‌ನ ತಿರುಳು ತಾಮ್ರ. ಬರಿ ತಾಮ್ರವನ್ನು ಕರಗಿದ ತವರ ತಿಂದುಹಾಕುತ್ತದೆಂದು ಮೇಲೆ ಕಬ್ಬಿಣದ ತೆಳು ಲೇಪ ಕೊಟ್ಟಿರುತ್ತಾರೆ. ಆ ಲೇಪ ಗಾಳಿಗೆ ಬತ್ತಲಾಗಿ ಕಾದರೆ ಕಪ್ಪುಗಟ್ಟುತ್ತದೆ, ಆಮೇಲೆ ಬೆಸುಗೆ ಅದಕ್ಕೆ ಹತ್ತುವುದಿಲ್ಲ, ಮಣಿಯಾಗಿ ಉರುಳಿ ಬೀಳುತ್ತದೆ. ಹಾಗಾಗಿ ಗೂಡಿಗೆ ಇಡುವ ಮುನ್ನ ತುದಿಗೆ ಒಂದಿಷ್ಟು ಬೆಸುಗೆ ಬಳಿದೇ ಇಡಬೇಕು. ಕಪ್ಪಾಯಿತೆಂದು ಮರಳುಕಾಗದದಿಂದಲೋ ಅರದಿಂದಲೋ ಉಜ್ಜಿದರೆ ಕಬ್ಬಿಣದ ಲೇಪ ಹೋಗಿ ಟಿಪ್‌ನ ಕಥೆ ಮುಗಿಯುತ್ತದೆ. ಅರ ಹಾಕುವ ಅಭ್ಯಾಸ ಬರಿ ತಾಮ್ರದ ಬಿಟ್‌ಗಳ ಕಾಲದ್ದು, ಅಲ್ಲಿಗೆ ಸರಿಯಿತ್ತು. ಸೀಸದ ಬೆಸುಗೆಗೆ 320ರಿಂದ 350 ಡಿಗ್ರಿ, ಸೀಸವಿಲ್ಲದ್ದಕ್ಕೆ 350ರಿಂದ 380. ಅದರಾಚೆಗೆ ಹೋದಷ್ಟೂ ಟಿಪ್ ಬೇಗ ಸಾಯುತ್ತದೆ.

ನವಸಾಗರದಂತೆ ಲೋಹದ ಕಿಲುಬು ಕಳೆಯುವ ಫ್ಲಕ್ಸ್ ಇಲ್ಲದೆ ಇದಾವುದೂ ನಡೆಯದು. ಐರನ್ನಿಗೆ ಮೂರು ಸಾವಿರ ಸುರಿದು ಫ್ಲಕ್ಸಿಗೆ ಕೈ ಬಿಗಿಹಿಡಿಯುವವರು ಎರಡರ ಪಾಲನ್ನೂ ಸ್ವಲ್ಪ ಅತ್ತಿತ್ತ ಮಾಡಿದರೆ ಅವರ ಬೆಸುಗೆ ಕೂಡಲೇ ಸುಧಾರಿಸುತ್ತದೆ. ಬೆಸುಗೆಯ ತಂತಿಯ ಹೊಟ್ಟೆಯಲ್ಲೂ ಸ್ವಲ್ಪ ಫ್ಲಕ್ಸ್ ಇರುತ್ತದೆ. ಹಳೆಯ ಕಾಲುಗಳನ್ನು ಮತ್ತೆ ಕರಗಿಸುವಾಗ ಅದು ಸಾಲದು. ಸಿರಿಂಜಿನಲ್ಲಿ ಬರುವ ಅಂಟಂಟಾದ ರೋಸಿನ್ ಫ್ಲಕ್ಸ್ ಬೇಕು. ನಲ್ಲಿಯ ಕೆಲಸದವರು ಬಳಸುವ ಆಮ್ಲದ ಫ್ಲಕ್ಸ್ ಬೋರ್ಡನ್ನು ತಿಂಗಳುಗಟ್ಟಲೆ ಮೆಲ್ಲಗೆ ಕೊರೆಯುತ್ತದೆ, ಬೇಡವೇ ಬೇಡ. ಇದರ ಜೊತೆಗೆ ಬೆಸುಗೆ ಹೀರುವ ತಾಮ್ರದ ಜಾಲರಿ ಪಟ್ಟಿ, ಒಂದು ಹೀರುವ ಪಂಪು, ಮೊನಚು ಚಿಮುಟ, ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್. ಉಳಿದದ್ದೆಲ್ಲ ಆಮೇಲೆ.

ಉಷ್ಣತೆಯನ್ನು ಇಳಿಸಲು ಬರುವ ಐರನ್ ಯಾಕೆ ಬೇಕೆಂಬುದಕ್ಕೆ ಒಂದು ಚಂದದ ಉದಾಹರಣೆ 1989ರ ಮೊದಲ ಗೇಮ್‌ಬಾಯ್‌ನಲ್ಲಿದೆ. ವರ್ಷ ಕಳೆದಂತೆ ಅದರ ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗುತ್ತವೆ. ಗಾಜಿನ ಕೆಳಅಂಚಿಗೆ ಕಾವಿನಿಂದ ಒತ್ತಿ ಅಂಟಿಸಿದ ರಿಬ್ಬನ್ ಕೇಬಲ್ ಸಡಿಲವಾಗಿರುವುದೇ ಕಾರಣ. ಪರದೆಯ ಕೆಳಗಿನ ರಬ್ಬರ್ ಪಟ್ಟಿಯನ್ನು ಸರಿಸಿ, ಯಂತ್ರವನ್ನು ಚಾಲೂ ಇಟ್ಟುಕೊಂಡೇ, ಕಾವು ತಗ್ಗಿಸಿದ ಐರನ್ನನ್ನು ಆ ಅಂಚಿನ ಮೇಲೆ ಮೆಲ್ಲಗೆ ಅತ್ತಿಂದಿತ್ತ ಸವರಿದರೆ, ಸವರಿದ ಹಾಗೆಲ್ಲ ಒಂದೊಂದೇ ಗೆರೆ ಕಣ್ಣೆದುರೇ ಮರಳಿ ಬರುತ್ತದೆ. ಒಂದು ಹನಿ ಬೆಸುಗೆಯೂ ಖರ್ಚಾಗದ ರಿಪೇರಿ ಇದು. ನಿಯಂತ್ರಣವಿಲ್ಲದ ಕಡ್ಡಿಯಿಂದ ಇದನ್ನೇ ಮಾಡಹೋದರೆ ಕೇಬಲ್ ಸುಟ್ಟು ಕರಕಲಾಗುತ್ತದೆ.

ಮೊದಲ ನಿಜವಾದ ಬೆಸುಗೆಗೆ ಹೇಳಿಮಾಡಿಸಿದ ಕೆಲಸ ಪೊಕೆಮಾನ್ ಕ್ಯಾಸೆಟ್ಟಿನ ಬ್ಯಾಟರಿ ಬದಲಿಸುವುದು. ಗೇಮ್‌ಬಾಯ್ ಕಾಲದ ಈ ಕಾರ್ಟ್ರಿಜ್‌ಗಳು ಆಟ ಎಲ್ಲಿಗೆ ನಿಂತಿತೆಂಬುದನ್ನು ಉಳಿಸುವುದು 3 ವೋಲ್ಟಿನ ಪುಟ್ಟ ಬಟನ್ ಸೆಲ್ಲಿನ ಬಲದಿಂದ. 1999ರಲ್ಲಿ ಜಪಾನಿನಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅದೇ ಸೆಲ್ ಹಗಲು ರಾತ್ರಿ ಲೆಕ್ಕ ಹಾಕುವ ಗಡಿಯಾರವನ್ನೂ ನಡೆಸಬೇಕು. ಹಾಗಾಗಿ ಅವುಗಳಲ್ಲಿ ಅದು ಬೇಗ ಬರಿದಾಗುತ್ತದೆ. 3.8 ಮಿಲಿಮೀಟರಿನ ವಿಶೇಷ ಸ್ಕ್ರೂಡ್ರೈವರ್ ಬಿಟ್ ಹಾಕಿ ಸ್ಕ್ರೂ ತೆಗೆದು ಕವಚ ಜಾರಿಸಿದರೆ ಬೋರ್ಡಿನ ಮೂಲೆಯಲ್ಲಿ ಸೆಲ್ ಕಾಣುತ್ತದೆ, ಎರಡು ಲೋಹದ ಪಟ್ಟಿಗಳಿಂದ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಪಟ್ಟಿಯ ಮೇಲೆ ಫ್ಲಕ್ಸ್, ಚೂರು ಹೊಸ ಬೆಸುಗೆ, ಉಳಿಟಿಪ್ಪಿನ ಮುಖ ಮುಟ್ಟಿಸಿ ಎರಡೆಣಿಸುವಷ್ಟರಲ್ಲಿ ಬೂದು ದಿಬ್ಬ ಕನ್ನಡಿಯಂತೆ ಹೊಳೆದು ಸಡಿಲವಾಗುತ್ತದೆ, ಚಿಮುಟದಿಂದ ಪಟ್ಟಿ ಎತ್ತಬಹುದು. ಇನ್ನೊಂದು ಪಟ್ಟಿಗೂ ಹಾಗೆಯೇ. ಹೊಸದನ್ನು ಕೊಳ್ಳುವಾಗ ಪಟ್ಟಿ ಮೊದಲೇ ಜೋಡಿಸಿದ ಸೆಲ್ಲನ್ನೇ ತರಬೇಕು. ಬರಿ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಹೋದರೆ ಕಾವಿಗೆ ಅದು ಸಿಡಿಯಬಹುದು. ಸೆಲ್ ಕಿತ್ತಾಗ ಉಳಿದಿದ್ದ ಆಟ ಅಳಿಸಿಹೋಗುತ್ತದೆಂಬುದನ್ನು ಮಕ್ಕಳ ಕ್ಯಾಸೆಟ್ ಮುಟ್ಟುವ ಅಪ್ಪಂದಿರು ಮೊದಲೇ ಹೇಳಿಬಿಟ್ಟರೆ ಮನೆಯಲ್ಲಿ ಶಾಂತಿ.

ಕಟ್ಟುನಿಟ್ಟಾದ ಕೆಲವು ಮಾತುಗಳು. ಬೆಸುಗೆಯ ಹೊಗೆ ಸೀಸದ್ದಲ್ಲ, ಈ ಉಷ್ಣತೆಗೆ ಸೀಸ ಆವಿಯಾಗುವುದಿಲ್ಲ. ಹೊಗೆಯೆಲ್ಲ ರೋಸಿನ್ನಿನದು. ಆದರೆ ರೋಸಿನ್ನಿನ ಹೊಗೆಯಿಂದ ಆಸ್ತಮಾ ಬರುವುದುಂಟು, ಆದ್ದರಿಂದ ಕಿಟಕಿ ತೆರೆದು ಹೊಗೆಯನ್ನು ಅತ್ತ ಎಳೆಯುವಂತೆ ಫ್ಯಾನ್ ಇಡಬೇಕು. ಸೀಸ ಮೈಗೆ ಸೇರುವುದು ಕೈಯಿಂದ ಬಾಯಿಗೆ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಕುರುಕಲು ಮುಟ್ಟುವಂತಿಲ್ಲ. ಮೊದಲ ಪ್ಲೇಸ್ಟೇಷನ್ನಿನಂತೆ ವಿದ್ಯುತ್ ಪೂರೈಕೆಯ ಬೋರ್ಡನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಕನ್ಸೋಲುಗಳಲ್ಲಿ ನಮ್ಮ 230 ವೋಲ್ಟ್ ನೇರವಾಗಿ ಒಳಗೆ ಬರುತ್ತದೆ. ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮೀರಿ ಉಳಿದಿರಬಹುದು. ಹೊಸಬರು ಆ ಬೋರ್ಡಿನ ತಂಟೆಗೇ ಹೋಗಬಾರದು.

ಪ್ಲೇಸ್ಟೇಷನ್ ಎಂದಮೇಲೆ ಮಾಡ್‌ಚಿಪ್ಪಿನ ಮಾತು ಬಂದೇ ಬರುತ್ತದೆ. 1994ರ ಆ ಯಂತ್ರ ಡಿಸ್ಕಿನ ಆರಂಭದ ಸುರುಳಿಗೆರೆಯ ಸಣ್ಣ ಓಲಾಟದಲ್ಲಿ ಅಡಗಿಸಿಟ್ಟ ನಾಲ್ಕು ಅಕ್ಷರಗಳನ್ನು ಓದಿ, ಡಿಸ್ಕ್ ಅಸಲಿಯೇ, ಯಾವ ಪ್ರದೇಶದ್ದು ಎಂದು ಪರೀಕ್ಷಿಸುತ್ತಿತ್ತು. ಮಾಡ್‌ಚಿಪ್, ಎಂದರೆ ಕೆಲವೇ ತಂತಿಗಳಿಂದ ಬೆಸೆದ ಎಂಟು ಕಾಲಿನ ಪಿಕ್ ಚಿಪ್, ಆ ಅಕ್ಷರಗಳನ್ನು ತಾನೇ ಪಿಸುಗುಟ್ಟಿ ಯಂತ್ರವನ್ನು ಒಪ್ಪಿಸುತ್ತಿತ್ತು. ಬೇರೆ ದೇಶದಲ್ಲಿ ಕೊಂಡ ಅಸಲಿ ಆಟ ಆಡಲೂ ಅದು ಬೇಕಿತ್ತು, ನಕಲಿ ಡಿಸ್ಕಿಗೂ ಒದಗುತ್ತಿತ್ತು. ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಸ್ಟೀವನ್ಸ್ ವಿರುದ್ಧ ಸೋನಿ ಪ್ರಕರಣದಲ್ಲಿ ಮಾಡ್‌ಚಿಪ್ ಮಾರಿದವರ ಪರ ತೀರ್ಪು ಕೊಟ್ಟಿತು. ಎಲ್ಲ ದೇಶಗಳ ಕಾನೂನು ಹಾಗಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಎರಡು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧವಾಗಿಸಿದೆ. ಪರದೆ, ಬ್ಯಾಟರಿ, ಕಡ್ಡಿ ಬದಲಿಸುವವರಿಗೆ ಇದರ ಚಿಂತೆಯಿಲ್ಲ.

ಮೊದಲ ಐರನ್ನಿನಿಂದ ಮಾಡಬಾರದ ಕೆಲಸಗಳೂ ಇವೆ. ಪ್ಲೇಸ್ಟೇಷನ್ 4 ಅಥವಾ 5ರ ಮುರಿದ ಎಚ್‌ಡಿಎಂಐ ಪೋರ್ಟ್ ಅಂಥದ್ದು. 19 ಕಾಲುಗಳು ಅರ್ಧ ಮಿಲಿಮೀಟರಿನ ಅಂತರದಲ್ಲಿ ನಿಂತಿರುತ್ತವೆ, ಅವುಗಳ ಸುತ್ತ ಗ್ರೌಂಡಿಗೆ ಬೆಸೆದ ಗಟ್ಟಿ ಲೋಹದ ಕವಚ. ಎಲ್ಲವನ್ನೂ ಒಟ್ಟಿಗೆ ಕರಗಿಸಲು ಬಿಸಿಗಾಳಿಯ ಯಂತ್ರ ಬೇಕು, ಅದರ ಹದ ಬೇರೆ. ಸೆಗಾ ಗೇಮ್‌ಗೇರ್‌ನ ಸೋರಿದ ಕೆಪಾಸಿಟರುಗಳು ನಡುವಿನ ಮಟ್ಟದವು. ಬಿಚ್ಚಿದೊಡನೆ ಮೀನಿನ ವಾಸನೆ ಬರುತ್ತದೆ, ಸೋರಿದ ದ್ರವಕ್ಕೆ ಪ್ಯಾಡ್‌ಗಳು ಮೊದಲೇ ಸೊರಗಿರುತ್ತವೆ, ಒಂದಿಷ್ಟು ಹೆಚ್ಚು ಎಳೆದರೂ ಕಿತ್ತು ಬರುತ್ತವೆ. ಅಷ್ಟರ ಮಟ್ಟಿಗೆ ಕೈ ಪಳಗಲು ಕೆಟ್ಟುಹೋದ ಸೆಟ್‌ಟಾಪ್ ಬಾಕ್ಸಿನ ಬೋರ್ಡು ಸಾಕು. ಗುಜರಿಯವನ ಬಳಿ ಕೇಳಿದರೆ ಸಿಗುತ್ತದೆ. ಅದರ ಹಿಂಬದಿಯ ಆಡಿಯೊ ಸಾಕೆಟ್‌ಗಳನ್ನು ಹುಡುಕಿ. ಅವುಗಳ ಗ್ರೌಂಡಿನ ದಪ್ಪ ಕಾಲುಗಳನ್ನು ಪ್ಯಾಡ್ ಎಬ್ಬಿಸದೆ ಬಿಡಿಸಿ, ತೂತು ಸ್ವಚ್ಛ ಮಾಡಿ, ಮತ್ತೆ ಅದೇ ಸಾಕೆಟ್ ಕೂರಿಸಿ ಬೆಸೆಯಲು ಬಂದ ದಿನ ಕಂಟ್ರೋಲರಿನ ಹದಿನಾಲ್ಕು ಕಾಲುಗಳಿಗೆ ಕೈ ಹಾಕಬಹುದು.